ನೀರು ಕೇಳದ ಗಿಡಗಳು

ರೋಣ
12 ಜೂನ್ 2023

ಚಿರಂಜೀವಿ ಶಾಂಭವಿಗೆ,

ಶಿವ ಇಟ್ಟ ಹಾಗೆ ಇರುವ ಶೇಖವ್ವ ಬರೆಯುವುದು. ನೀನು ಮಂಗಳೂರು ಮುಟ್ಟಿದ ಸುದ್ದಿ ಮೈಮುನಬಿಯ ಫೋನಿಗೆ ಬಂತು, ಅವಳು ಗೋಡೆಯ ಆಚೆಯಿಂದ ನನಗೆ ಮುಟ್ಟಿಸಿದಳು. ನನ್ನ ಫೋನಿಗೂ ಹಚ್ಚಿದ್ದೆಯಂತೆ. ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಏನು ಮಾತು. ಉಂಡ್ಯಾ ಅಂದರೆ ಉಂಡೆ, ಅಷ್ಟರಲ್ಲಿ ಮುಗಿಯಿತು. ಕಾಗದವಾದರೆ ಬೇಕಾದಾಗ ತೆಗೆದು ಓದಬಹುದು. ನಾನು ಯಾವಗಲ್ ಊರಿನ ಸಾಲಿಯಲ್ಲಿ ಏಳನೆಯ ಇಯತ್ತೆ ತನಕ ಕಲಿತದ್ದು ಕೆಲಸಕ್ಕೆ ಬರಲಿ, ನೀನೂ ಕಾಗದವನ್ನೇ ಬರೆ.

ದವಾಖಾನೆಯವರು ನಿನ್ನ ಕರಾರು ಮುಗಿಸಿದ್ದು ನನಗೆ ಇನ್ನೂ ಸಮಾಧಾನವಿಲ್ಲ. ನಾಲ್ಕು ವರ್ಷ ಈ ಊರಿನ ಮಂದಿಯ ರಕ್ತ ಪರೀಕ್ಷೆ ಮಾಡಿದವಳನ್ನು ಹೇಗೆ ಕಳಿಸಿದರೋ. ಮತ್ತೆ ಕರೆಯುತ್ತಾರೆ. ಅಲ್ಲಿಯವರೆಗೆ ನಿನ್ನ ಮೇಲಿನ ಕೋಣೆ ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ. ಮೈಮುನಬಿ ನಕ್ಕಳು. “ಶೇಖಕ್ಕಾ, ಬಾಡಿಗೀಗೆ ಇದ್ದಾಕಿ ಹೋದ್ರ ಕೋಣಿ ಖಾಲಿ ಆಗತೈತಿ. ನೀ ನೋಡಿದ್ರ ಮಗಳನ್ನ ಕೊಟ್ಟ ಮನಿಗತೆ ಅಳಾಕತ್ತೀದಿ” ಅಂದಳು. ಅವಳ ಬಾಯಿಗೆ ನಾನು ಉತ್ತರ ಕೊಡುವುದಿಲ್ಲ.

ನೀನು ಬಿಟ್ಟುಹೋದ ಗಾಜಿನ ಭರಣಿಗಳು ಮೆಟ್ಟಿಲ ಕಿಟಕಿಯಲ್ಲಿ ನೀನು ಇಟ್ಟ ಜಾಗದಲ್ಲೇ ಇವೆ. ಕಲ್ಲಿನಲ್ಲಿ ಕೆತ್ತಿದ ತಾವರೆಯಂಥದ್ದು, ಬಿಳಿ ಗೆರೆ ಬರೆದ ಮುಳ್ಳಿನಂಥದ್ದು, ಹಸಿರು ಮಣಿ ಪೋಣಿಸಿದ ಸರದಂಥದ್ದು. ನಾಲ್ಕನೆಯದು ಮಾತ್ರ ನನಗೆ ಪಾಪ ಅನಿಸುತ್ತದೆ. ತೂಗುಬಿಟ್ಟ ಗಾಜಿನ ಬುರುಡೆಯೊಳಗೆ, ಒಂದು ಕಟ್ಟಿಗೆ ತುಂಡಿನ ಮೇಲೆ, ಮಣ್ಣಿಲ್ಲದೆ ಬೇರಿಲ್ಲದೆ, ತಲೆ ಕೆದರಿದ ಉಳ್ಳಾಗಡ್ಡಿಯ ಹಾಗೆ ಕುಳಿತಿದೆ. ಗಾಳಿ ಉಂಡು ಬದುಕುತ್ತದೆ ಅಂತ ನೀನು ಹೇಳಿದ್ದೆ. ಗಾಳಿ ಉಂಡು ಬದುಕುವುದು ಋಷಿಗಳು. ಅದು ಗಿಡ.

ನೀನು ಅವನ್ನು ಒಯ್ಯದೆ ಇಲ್ಲಿ ಬಿಟ್ಟದ್ದು ನನಗೆ ದೊಡ್ಡ ಧೈರ್ಯ. ತಿರುಗಿ ಬರುವವರು ತಾನೆ ಸಾಮಾನು ಬಿಟ್ಟು ಹೋಗುವುದು. ಅವುಗಳ ಚಿಂತೆ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಶೇಖವ್ವ


ಮಂಗಳೂರು
3 ಜುಲೈ 2023

ಶೇಖಮ್ಮನವರಿಗೆ ನಮಸ್ಕಾರ.

ಕಾಗದ ಮುಟ್ಟಿತು. ಇಲ್ಲಿ ಒಂದೇ ಸಮನೆ ಮಳೆ. ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ. ಹಾಸ್ಟೆಲಿನಲ್ಲಿ ನಾವು ಮೂವರು ಒಂದು ಕೋಣೆಯಲ್ಲಿ. ಲ್ಯಾಬು ದೊಡ್ಡದು, ಕೆಲಸ ಮಶೀನಿನದು, ನಾವು ಅದರ ಮುಂದೆ ನಿಂತುಕೊಳ್ಳುವುದು. ಯಾರೂ ಯಾರನ್ನೂ ಎಲ್ಲಿಗೆ ಹೊರಟೆ ಅಂತ ಕೇಳುವುದಿಲ್ಲ.

ಗಿಡಗಳ ಬಗ್ಗೆ ಹೊರಡುವ ಗಡಿಬಿಡಿಯಲ್ಲಿ ಅರ್ಧ ಹೇಳಿದ್ದೆ. ಅವು ಮರುಭೂಮಿಯ ಕಡೆಯವು. ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರುತ್ತವೆ. ಭರಣಿಯ ತಳಕ್ಕೆ ತೂತಿಲ್ಲ, ಹಾಕಿದ ನೀರು ಹೊರಗೆ ಹೋಗುವುದಿಲ್ಲ. ಅದಕ್ಕೇ ಕೆಳಗೆ ಹರಳು, ಇದ್ದಿಲು, ಮೇಲೆ ಉಸುಕು ಹಾಕಿದ್ದೇನೆ. ಉಸುಕು ತಳದವರೆಗೂ ಪೂರ್ತಿ ಒಣಗಿದ ಮೇಲೆ, ಎಲೆ ಸ್ವಲ್ಪ ಸುಕ್ಕು ಬಿದ್ದಾಗ, ಚಮಚೆಯಿಂದ ಬುಡಕ್ಕೆ ಅಷ್ಟು ನೀರು. ಸುಕ್ಕು ಬಿದ್ದರೆ ಹೆದರಬೇಡಿ. ಅದು ಅವು ಕೇಳುವ ರೀತಿ. ಕೇಳದಿದ್ದರೆ ಕೊಡಬೇಡಿ. ಗಾಜಿನ ಒಳಗೆ ಮಂಜು ಕಟ್ಟಿದರೆ ನೀರು ಹೆಚ್ಚಾಯಿತು ಅಂತ ಅರ್ಥ.

ಗಾಳಿಗಿಡವನ್ನು ವಾರಕ್ಕೊಮ್ಮೆ ಹೊರಗೆ ತೆಗೆದು, ಬಟ್ಟಲು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಆಮೇಲೆ ತಲೆಕೆಳಗೆ ಮಾಡಿ ಝಾಡಿಸಿ, ಪೂರ್ತಿ ಆರಿದ ಮೇಲೆ ಬುರುಡೆಗೆ ಸೇರಿಸಿ. ನಡುವೆ ನೀರು ನಿಂತರೆ ಕೊಳೆಯುತ್ತದೆ. ಬೋರಿನ ಸವಳು ನೀರು ಬೇಡ, ಮಳೆ ನೀರು ಹಿಡಿದಿಟ್ಟುಕೊಳ್ಳಿ. ನಡುಹಗಲಿನ ಬಿಸಿಲು ಗಾಜಿಗೆ ಬೀಳದಂತೆ ನೋಡಿ.

ಮೈಮುನಬಿ ಚಾಚಿಯ ಫೋನಿನಿಂದ ಒಂದು ಫೋಟೋ ತೆಗೆಸಿ ಕಳಿಸಿ. ನಿಮ್ಮ ಫೋನಿಗೆ ಮತ್ತೆ ಎರಡು ಸಲ ಹಚ್ಚಿದೆ. ನನ್ನ ಮೇಲೆ ಸಿಟ್ಟಿಲ್ಲ ತಾನೆ.

ಶಾಂಭವಿ


ರೋಣ
28 ಆಗಸ್ಟ್ 2023, ಶ್ರಾವಣ ಸೋಮವಾರ

ಚಿರಂಜೀವಿ ಶಾಂಭವಿಗೆ,

ಸಿಟ್ಟು ಯಾತರದು. ಫೋನು ದೇವರ ಜಗುಲಿಯ ಮೇಲೆ ಇರುತ್ತದೆ, ನಾನು ಹಿತ್ತಲಲ್ಲಿ ಇರುತ್ತೇನೆ.

ನೀನು ಬರೆದದ್ದನ್ನೆಲ್ಲ ಓದಿದೆ. ಮಳೆ ನೀರಿಗೆ ಹಂಡೆ ಇಟ್ಟಿದ್ದೇನೆ. ಆದರೆ ಒಂದು ಮಾತು. ನನ್ನ ದಿನದ ಕ್ರಮ ನಿನಗೆ ಗೊತ್ತೇ ಇದೆ. ಲಿಂಗಕ್ಕೆ ನೀರು, ಆಮೇಲೆ ಹಿತ್ತಲ ಬಿಲ್ವಪತ್ರಿ ಗಿಡಕ್ಕೆ, ಗುಬ್ಬಿ ಕುಡಿಯುವ ತೆಂಗಿನ ಪರಟೆಗೆ, ಬಾಗಿಲಿಗೆ ಬಂದ ಆಕಳಿಗೆ. ಇಷ್ಟಾದ ಮೇಲೆ ನನ್ನ ಬಾಯಿಗೆ. ನಮ್ಮ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಇದು ತಪ್ಪಿಲ್ಲ. ಈಗ ಇವು ನಾಲ್ಕೂ ನನ್ನ ಹೊಸ್ತಿಲ ಒಳಗೆ ಇವೆ. ಅವುಗಳ ಎದುರಿಗೇ ನಾನು ತಾಟು ಹಚ್ಚಿಕೊಂಡು ಉಣ್ಣುವುದು, ಅವು ಸುಕ್ಕು ಬಿದ್ದು ನೋಡುತ್ತಾ ಕೂಡುವುದು, ಇದು ನನ್ನಿಂದ ಆಗಲಿಲ್ಲ. ಅದಕ್ಕೇ ಲಿಂಗಕ್ಕೆ ಎರೆದ ನೀರಿನಲ್ಲೇ ಒಂದೊಂದು ಚಮಚೆ ಮುಂಜಾನೆ ಕೊಡುತ್ತೇನೆ. ದೇವರ ನೀರು ಯಾವ ಗಿಡಕ್ಕೂ ಕೆಟ್ಟದ್ದು ಮಾಡಿದ್ದು ನಾನು ಕಂಡಿಲ್ಲ. ಎಲ್ಲವೂ ಉಬ್ಬಿಕೊಂಡು ದುಂಡಗೆ ಆಗಿವೆ.

ಗಾಳಿಯದಕ್ಕೂ ಒಂದು ನೆಲೆ ಮಾಡಿಕೊಟ್ಟೆ. ನಮ್ಮ ಹೊಲದ ಎರೆಮಣ್ಣು ತರಿಸಿ, ಜರಡಿ ಹಿಡಿದು, ಬುರುಡೆಯಲ್ಲಿ ತುಂಬಿ, ಅದನ್ನು ಅದರಲ್ಲಿ ನೆಟ್ಟೆ. ಈ ಸೀಮೆಯಲ್ಲಿ ಎರೆಮಣ್ಣು ಒಲ್ಲೆನೆಂದ ಬೆಳೆ ಯಾವುದಿದೆ. ಜೋಳ, ಕಡಲೆ, ಹತ್ತಿ ಎಲ್ಲ ಅದರಲ್ಲೇ. ಈಗ ನೆಟ್ಟಗೆ ನಿಂತಿದೆ, ನೋಡಿದರೆ ಸಮಾಧಾನ.

ಮೈಮುನಬಿ ಬಂದು ಇಣುಕಿ ನೋಡಿ, “ಏನ ಶೇಖಕ್ಕಾ, ಭರಣಿಯೊಳಗ ಉಪ್ಪಿನಕಾಯಿ ಹಾಕೀಯೇನ, ನೀರ ಬಿಟ್ಟಾವಲ್ಲ” ಅಂದಳು. ಅವಳ ಫೋನಿನ ಕನ್ನಡಿ ಒಡೆದಿದೆಯಂತೆ. ಫೋಟೋ ಮುಂದೆ ನೋಡೋಣ.

ದಸರೆಗೆ ರಜೆ ಇದ್ದೇ ಇರುತ್ತದೆ. ಯಾವ ದಿನ ಬರುತ್ತೀ ಅಂತ ಮೊದಲೇ ಬರೆ. ಹೋಳಿಗೆಯ ಬೇಳೆ ಆರಿಸಿ ಇಟ್ಟಿದ್ದೇನೆ.

ನಿನ್ನ
ಶೇಖವ್ವ


ಮಂಗಳೂರು
9 ಸೆಪ್ಟೆಂಬರ್ 2023

ಶೇಖಮ್ಮನವರಿಗೆ ನಮಸ್ಕಾರ.

ಕಾಗದ ಓದಿದ ಕೂಡಲೆ ಬರೆಯುತ್ತಿದ್ದೇನೆ. ಗಾಳಿಗಿಡವನ್ನು ಮಣ್ಣಿನಿಂದ ಇವತ್ತೇ ಕಿತ್ತು ತೆಗೆಯಿರಿ. ಎರೆಮಣ್ಣು ಒಮ್ಮೆ ನೆನೆದರೆ ಬಿಡುವುದಿಲ್ಲ, ಹೊಲಕ್ಕೆ ಅದೇ ಒಳ್ಳೆಯದು, ಇದಕ್ಕೆ ಅದೇ ಉಸಿರು ಕಟ್ಟಿಸುವುದು. ಉಳಿದವುಗಳಿಗೆ ದಿನಾ ನೀರು ಬೇಡವೇ ಬೇಡ. ಉಬ್ಬಿದ್ದಾವೆ ಅಂದಿರಿ, ಅದು ಆರೋಗ್ಯ ಅಲ್ಲ. ಕೆಳಗಿನ ಎಲೆ ಗಾಜಿನ ಹಾಗೆ ಪಾರದರ್ಶಕ ಆಗಿದೆಯೇ, ಮುಟ್ಟಿದರೆ ಮೆತ್ತಗೆ ಕೈಗೆ ಬರುತ್ತದೆಯೇ ನೋಡಿ. ಹಾಗಿದ್ದರೆ ಗಿಡ ಹೊರಗೆ ತೆಗೆದು, ಕೊಳೆತದ್ದನ್ನು ಕತ್ತರಿಸಿ, ನೆರಳಿನಲ್ಲಿ ಬರಿದೇ ಒಣಗಲು ಬಿಡಬೇಕು.

ನಿಮ್ಮ ಕ್ರಮ ತಪ್ಪುವುದು ಬೇಡ. ಚಮಚೆಯನ್ನು ಅವುಗಳಿಗೆ ತೋರಿಸಿ, ನೀರು ಪತ್ರಿ ಗಿಡಕ್ಕೆ ಹಾಕಿ. ದೇವರಿಗೆ ನೈವೇದ್ಯ ತೋರಿಸಿ ನಾವು ಉಣ್ಣುವುದಿಲ್ಲವೇ, ಹಾಗೆ.

ಚಾಚಿಯ ಫೋನು ಸರಿಯಾದ ಮೇಲೆ ಫೋಟೋ ಮರೆಯಬೇಡಿ. ಡ್ಯೂಟಿಯ ಹೊತ್ತಾಯಿತು.

ಶಾಂಭವಿ


ರೋಣ
27 ನವೆಂಬರ್ 2023

ಚಿರಂಜೀವಿ ಶಾಂಭವಿಗೆ,

ದಸರೆ ಆಯಿತು, ದೀಪಾವಳಿಯೂ ಆಯಿತು. ನಿನ್ನ ಕಾಗದ ಬಂದೀತು ಅಂತ ಅಂಚೆಯವನನ್ನು ಕೇಳಿ ಕೇಳಿ, ಈಗ ಅವನು ನನ್ನನ್ನು ಕಂಡರೆ ಸೈಕಲ್ ಮೇಲಿಂದಲೇ ತಲೆ ಅಲ್ಲಾಡಿಸುತ್ತಾನೆ.

ಗಿಡಗಳು ಚಲೋ ಇವೆ. ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ. ತಾವರೆಯಂಥದ್ದು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದೆ, ನೀನು ನೋಡಿದರೆ ಖುಷಿ ಪಡುತ್ತೀ.

ಇನ್ನೊಂದು ಸುದ್ದಿ ಬರೆಯಬೇಕು. ನಿಮ್ಮ ಶಿರೋಳದ ಗಾಳೆವ್ವ ಇಲ್ಲಿ ಮಗಳ ಮನೆಗೆ ಬಂದಿದ್ದಳು. ಸಂತೆಯಲ್ಲಿ ಸಿಕ್ಕಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

“ನಿಮ್ಮ ಶಾಂಭವಿ ದೀಪಾವಳಿಗೆ ಅಪ್ಪನ ಮನಿಗೆ ಬಂದಿದ್ಲಲ್ರಿ. ಪಾಡ್ಯದ ದಿನ ನಾನ ಎಣ್ಣಿ ಹಚ್ಚೀನಿ ತಲಿಗೆ. ಭಾಳ ಸೊರಗ್ಯಾಳ.”

ನಾನು ಅಂದೆ, “ಆಕಿ ಅಲ್ಲ ಬಿಡಬೇ. ನೀ ಯಾರನ್ನೋ ನೋಡಿ ಆಕಿ ಅಂದ್ಕೊಂಡಿ.”

“ತಲಿಗೆ ಎಣ್ಣಿ ಹಚ್ಚಿದಾಕಿಗೆ ಮಾರಿ ಗುರ್ತ ಸಿಗೂದಿಲ್ಲೇನ್ರಿ?”

“ಶಿರೋಳಕ್ಕ ಬಂದಾಕಿ ರೋಣಕ್ಕ ಬರದ ಹೋಗ್ತಾಳೇನ. ನರಗುಂದದಾಗ ಬಸ್ ಹತ್ತಿದ್ರ ಹೊತ್ತ ಏರೂದ್ರೊಳಗ ಇಲ್ಲಿರ್ತಾಳ. ಸುಳ್ಳ ಹೇಳಬ್ಯಾಡ.”

ಅವಳು ನನ್ನ ಮುಖ ನೋಡಿದಳು. ಬದನೆಕಾಯಿ ತೂಕ ಮಾಡುವವನ ಕಡೆ ತಿರುಗಿಕೊಂಡಳು. ಮಂದಿ ಏನೇನೋ ಅಂದುಕೊಳ್ಳುತ್ತಾರೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವಳ ಕಣ್ಣಿಗೆ ಪರೆ ಬಂದಿರಬೇಕು.

ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಕಾಗದ ಬರೆ.

ನಿನ್ನ
ಶೇಖವ್ವ


ರೋಣ
20 ಜನವರಿ 2024

ಶಾಂಭವಿಗೆ,

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆ. ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತು ಉಂಡರು. ನನಗೂ ನೀಡಿದರು. ನಾಲ್ಕು ವರ್ಷ ನೀನು ನನ್ನ ಪಕ್ಕಕ್ಕೆ ಕೂತಿದ್ದ ಜಾಗದಲ್ಲಿ ಈ ಸಲ ಯಾರದೋ ಕೂಸು ಮಲಗಿತ್ತು.

ನಾನು ಕಾಗದ ಬರೆದು ಎರಡು ತಿಂಗಳು ಆಗುತ್ತಾ ಬಂತು. ಗಾಳೆವ್ವನ ಕಣ್ಣು ಚಲೋ ಇವೆಯೋ ಇಲ್ಲವೋ, ಅಷ್ಟಾದರೂ ತಿಳಿಸು.

ಶೇಖವ್ವ


ಮಂಗಳೂರು
18 ಫೆಬ್ರವರಿ 2024

ಶೇಖಮ್ಮನವರಿಗೆ,

ಗಾಳೆವ್ವನ ಕಣ್ಣು ಚಲೋ ಇವೆ. ನಾನು ಬಂದಿದ್ದೆ.

ತಿರುಗಿ ಹೋಗುವ ದಿನ ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ರೋಣದ ಬಸ್ಸು ನಿಂತಿತ್ತು. ಪರಶಪ್ಪ ಕಂಡಕ್ಟರ್ ನನ್ನನ್ನು ನೋಡಿ, “ಬರ್ರಿ ತಂಗಿ, ಸೀಟ ಐತಿ” ಅಂತ ಕರೆದ. ಬಸ್ಸು ಹೋಗುವ ತನಕ ನಾನು ಕಂಬದ ಮರೆಗೆ ನಿಂತೆ. ಆಮೇಲೆ ಹುಬ್ಬಳ್ಳಿ ಬಸ್ಸು ಹತ್ತಿದೆ. ಇದನ್ನು ಹೇಗೆ ಬರೆಯುವುದು ಅಂತ ಇಷ್ಟು ದಿನ ಆಯಿತು.

ನನಗೆ ನಿಮ್ಮ ಮೇಲೆ ಯಾವ ದೂರೂ ಇಲ್ಲ. ಇದ್ದಿದ್ದರೆ ಬರೆಯುವುದು ಸುಲಭ ಇತ್ತು. ತಾಯಿ ಇಲ್ಲದವಳು ನಾನು, ನೀವು ನನಗೆ ಕಡಿಮೆ ಮಾಡಲಿಲ್ಲ. ಅಮ್ಮಾ, ಎರಡನೇ ಪಾಳಿ ಮುಗಿಸಿ ನಾನು ಬರುವ ತನಕ ನೀವು ಉಣ್ಣದೆ ಹೊಸ್ತಿಲಲ್ಲಿ ಕೂತಿರುತ್ತಿದ್ದಿರಿ. ಎಷ್ಟು ಸಲ ಹೇಳಿದೆ, ನೀವು ಉಣ್ಣಿರಿ, ಮಲಗಿರಿ ಅಂತ. ತಡವಾದ ದಿನ ನಾನು ಓಡಿ ಬರುತ್ತಿದ್ದೆ. ಹಸಿವಿಗೆ ಅಲ್ಲ, ನೀವು ಹಸಿದು ಕೂತಿರುತ್ತೀರಿ ಅಂತ. ಒಮ್ಮೆ ಗೆಳತಿಯರ ಜೊತೆ ಗಜೇಂದ್ರಗಡಕ್ಕೆ ಹೋಗಿ ಅಲ್ಲೇ ಉಂಡು ಬಂದೆ. ನೀವು ತಾಟು ಎರಡೂ ಮುಚ್ಚಿಟ್ಟು ಕೂತಿದ್ದಿರಿ. ಉಂಡಿದ್ದೇನೆ ಅಂತ ಹೇಳಲಾಗದೆ ಮತ್ತೆ ಉಂಡೆ. ಜ್ವರ ಬಂದರೆ ನೀವು ಸೋಮವಾರ ಹಿಡಿದು ಉಪವಾಸ ಕೂಡುತ್ತಿದ್ದಿರಿ. ಅದಕ್ಕೆ ನಾನು ಜ್ವರ ಬಂದದ್ದನ್ನೇ ಹೇಳುವುದು ಬಿಟ್ಟೆ.

ಈ ಗಿಡ ಯಾಕ ತಂದಿ ಅಂತ ನೀವು ಕೇಳಿದ್ದಿರಿ. ಚಂದ ಕಾಣತಾವ ಅಂದೆ. ಖರೇ ಹೇಳಬೇಕೆಂದರೆ, ಆ ಮನೆಯಲ್ಲಿ ನನ್ನ ದಾರಿ ಕಾಯದೆ ಇದ್ದದ್ದು ಅವು ಮಾತ್ರ. ನಾನು ಮರೆತರೂ ಅವು ಇರುತ್ತಿದ್ದವು.

ಇನ್ನೊಂದನ್ನೂ ಬರೆದುಬಿಡುತ್ತೇನೆ. ದವಾಖಾನೆಯವರು ನನ್ನನ್ನು ಕಳಿಸಲಿಲ್ಲ. ಇನ್ನೊಂದು ವರ್ಷ ಇರು ಅಂದಿದ್ದರು. ನಾನೇ ಒಲ್ಲೆ ಅಂದೆ. ನಿಮ್ಮ ಎದುರಿಗೆ ಹೇಳುವ ಧೈರ್ಯ ಇರಲಿಲ್ಲ, ಭರಣಿಗಳನ್ನು ಬಿಟ್ಟು ಬಂದೆ. ಅವು ಇದ್ದರೆ ನಾನು ಪೂರ್ತಿ ಹೋದ ಹಾಗೆ ನಿಮಗೆ ಅನಿಸಲಿಕ್ಕಿಲ್ಲ ಅಂತ.

ಬಂದ ಹೊಸದರಲ್ಲಿ ಫೋನು ಹಚ್ಚಿದಾಗೆಲ್ಲ ನೀವು ಎತ್ತಲಿಲ್ಲ. ಸಿಟ್ಟಿನಲ್ಲಿ ಇದ್ದೀರಿ ಅಂತ ತಿಳಿದು ನಾನೂ ಬಿಟ್ಟೆ.

ಕೋಣೆ ಬಾಡಿಗೆಗೆ ಕೊಡಿ. ನನಗಾಗಿ ಇಡಬೇಡಿ.

ಶಾಂಭವಿ


ರೋಣ
24 ಜೂನ್ 2024

ಚಿರಂಜೀವಿ ಶಾಂಭವಿಗೆ,

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಬರೆಯಲಿ. ಉಣ್ಣಿಸಿದ್ದೂ ತಪ್ಪಾಯಿತೇ ಅಂತ ಅಡಿಗೆಮನೆಯಲ್ಲಿ ಕೂತು ಅತ್ತೆ. ಮೊದಲು ಗಿಡಗಳ ಲೆಕ್ಕ ಹೇಳುತ್ತೇನೆ. ಗಾಳಿಯದು ನಿನ್ನ ಸೆಪ್ಟೆಂಬರ್ ಕಾಗದ ಬರುವ ಮೊದಲೇ ಹೋಗಿತ್ತು. ಎತ್ತಿದರೆ ನಡುವಿನ ಎಲೆಗಳು ಸುಳಿಯ ಸಮೇತ ಕೈಗೆ ಬಂದವು, ಕೆಟ್ಟ ವಾಸನೆ. ಮಣಿಸರ ಅಂಟಿನ ಹಾಗೆ ಕರಗಿತು. ಗುಲಾಬಿ ಬಣ್ಣಕ್ಕೆ ತಿರುಗಿದೆ ಅಂತ ನಾನು ಬರೆದ ದಿನ ತಾವರೆಯಂಥದ್ದು ಕಪ್ಪಗೆ ತಿರುಗುತ್ತಿತ್ತು. ಚಮಚೆ ತೋರಿಸಿ ನೀರು ಪತ್ರಿ ಗಿಡಕ್ಕೆ ಹಾಕು ಅಂದಿದ್ದೆ. ತೋರಿಸಿ ಕೈ ಹಿಂದಕ್ಕೆ ತೆಗೆಯುವುದು ನನಗೆ ಬರಲಿಲ್ಲ. ಮೈಮುನಬಿಯ ಫೋನಿಗೆ ಏನೂ ಆಗಿರಲಿಲ್ಲ. ಫೋಟೋ ತೆಗೆಸುವಂಥದ್ದು ಕಿಟಕಿಯಲ್ಲಿ ಏನೂ ಇರಲಿಲ್ಲ.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದ ದಿನ, ತಾವರೆಯದೂ ಮುಳ್ಳಿನದೂ, ಉಳಿದ ಆ ಎರಡು ಭರಣಿಗಳನ್ನು ಮಾಳಿಗೆಗೆ ಒಯ್ದು ನೀರಿನ ಟಾಕಿಯ ಹಿಂದೆ ಬೋರಲು ಹಾಕಿ ಬಂದೆ.

ಆಮೇಲೆ ದೇವರಿಗೆ ನಿನ್ನ ದೂರು ಹೇಳಬೇಕು ಅಂತ ಗಜೇಂದ್ರಗಡದ ಬಸ್ಸು ಹತ್ತಿ ಕಾಲಕಾಲೇಶ್ವರನ ಬೆಟ್ಟ ಏರಿದೆ. ಕಾಯಿ ಕೊಟ್ಟೆ. ಪೂಜಾರಿ ಏನೋ ಕೇಳಿದರು. ಯಾರ ಹೆಸರಿಗೆ ಅಂತ ಕೇಳಿರಬೇಕು ಎಂದು ನಿನ್ನ ಹೆಸರು ಹೇಳಿದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಗಟ್ಟಿಯಾಗಿ ನಿನ್ನ ಹೆಸರೇ ಹೇಳಿದೆ. ಹಿಂದಿನ ಮಂದಿ ನಕ್ಕರು. ಒಬ್ಬ ಹೆಣ್ಣುಮಗಳು ನನ್ನ ಮುಂದೆ ಬಂದು ನಿಂತು ತುಟಿ ಅಗಲಿಸಿ ಹೇಳಿದಳು, ಕಾಯಿ ಒಡೆಯಲೋ ಹಾಗೇ ಕೊಡಲೋ ಅಂತ ಕೇಳುತ್ತಿದ್ದಾರೆ ಅಂತ.

ಶಾಂಭವಿ, ನನಗೆ ಕಿವಿ ಕೇಳಿಸುವುದಿಲ್ಲ. ನೀನು ಇದ್ದಾಗಲೇ ಬಲಗಿವಿ ಹೋಗಿತ್ತು, ಎಡಗಿವಿ ಹೋಗುತ್ತಿತ್ತು. ನೀನು ಯಾವಾಗಲೂ ಎದುರಿಗೆ ಕೂತು ಮಾತಾಡುವವಳು, ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಫೋನಿಗೆ ಮುಖ ಇಲ್ಲ. ಅದಕ್ಕೇ ಕಾಗದ ಅಂದೆ. ಕಿವುಡಿ ಅನ್ನಿಸಿಕೊಂಡು ಯಾರ ಕೈಯಲ್ಲೂ ಕೂಗಿಸಿಕೊಳ್ಳುವುದು ನನಗೆ ಆಗದು. ಗದಗಿನ ಡಾಕ್ಟರರ ಹತ್ತಿರ ಮೈಮುನಬಿಯೇ ಎಳೆದುಕೊಂಡು ಹೋದಳು. ಹೊರಗೆ ಬಂದು ಏನಂದಳು ಗೊತ್ತೇ. “ಊರಿಗೆಲ್ಲ ಗೊತ್ತ ಐತಿ ಅಕ್ಕಾ. ನೀನ ಒಬ್ಬಾಕಿ ಮುಚ್ಚಿಟ್ಟಿದ್ದಿ, ಮುಚ್ಚಿಟ್ಕೊಳ್ಳಲಿ ಬಿಡ ಅಂತ ನಾವೂ ಸುಮ್ಮಿದ್ವಿ.” ಕಿವಿಗೆ ಮಶೀನು ಕೊಟ್ಟಿದ್ದಾರೆ. ಹಚ್ಚಿಕೊಂಡರೆ ಪಾತ್ರೆಯ ಸಪ್ಪಳ ಸಿಡಿಲಿನ ಹಾಗೆ, ಮಂದಿಯ ಮಾತು ಬಾವಿಯಿಂದ ಬಂದ ಹಾಗೆ.

ಹೊಸ್ತಿಲಲ್ಲಿ ಕೂತಿದ್ದು ಅದಕ್ಕೇ. ನಮ್ಮ ಬಾಗಿಲಿಗೆ ಒಳಗಿನ ಅಗಳಿ ಬಿಟ್ಟರೆ ಬೇರೆ ಇಲ್ಲ. ಅಗಳಿ ಹಾಕಿ ಮಲಗಿದರೆ, ನೀನು ಎಷ್ಟು ಬಡಿದರೂ ನನಗೆ ಕೇಳಿಸುತ್ತಿರಲಿಲ್ಲ. ಕತ್ತಲಲ್ಲಿ ನೀನು ಹೊರಗೆ ನಿಲ್ಲುತ್ತಿದ್ದೆ. ಹಾಗಂತ ಪೂರ್ತಿ ಅದೊಂದೇ ಅಲ್ಲ. ಕೂತು ಉಣ್ಣಬಹುದಿತ್ತಲ್ಲ. ಉಣ್ಣಲಿಲ್ಲ. ನನಗಾಗಿ ಒಬ್ಬರು ಓಡಿ ಬರುತ್ತಾರೆ ಅನ್ನುವುದು ನನಗೆ ರುಚಿ ಹತ್ತಿತ್ತು. ಮನೆಯವರು ಹೋದ ಮೇಲೆ ಯಾರೂ ಹಾಗೆ ಬಂದಿರಲಿಲ್ಲ.

ಕಾರಹುಣ್ಣಿಮೆಗೆ ಮೊದಲು ಮಾಳಿಗೆಯ ಕಸ ಬಳಿಯಲು ಮೇಲೆ ಹತ್ತಿದೆ. ಟಾಕಿಯ ನೆರಳಿಗೆ, ಧೂಳಿನಲ್ಲಿ, ನಾನು ಚೆಲ್ಲಿದ ಉಸುಕಿನ ಹತ್ತಿರ ತಾವರೆಯದೊಂದು ಎಲೆ ಬಿದ್ದಿತ್ತು. ಎಲೆ ಒಣಗಿ ಚೀಲವಾಗಿದೆ, ಅದರ ತುದಿಯಿಂದ ಕೆಂಪು ದಾರದಂಥ ಬೇರು ಬಂದು, ಕಡಲೆಕಾಳಿನಷ್ಟು ಒಂದು ಮರಿ ತಾವರೆ ಕೂತಿದೆ. ಇಡೀ ಬೇಸಿಗೆ ಅದಕ್ಕೆ ಯಾರೂ ಒಂದು ಹನಿ ಕೊಟ್ಟಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ನನಗೆ ಸಂತೋಷವಾಗಲಿಲ್ಲ. ನಾನಿಲ್ಲದೆಯೇ ಆಯಿತಲ್ಲ ಅನಿಸಿತು. ಕೆಳಗೆ ತಂದು ಒಣ ಉಸುಕಿನಲ್ಲಿ ಇಟ್ಟೆ. ಮುಂಜಾನೆ ಚಮಚೆ ಹಿಡಿದು ಎದುರಿಗೆ ನಿಲ್ಲುತ್ತಿದ್ದೆ, ಎಲೆ ಸುಕ್ಕಿದೆಯೇ ನೋಡುತ್ತಿದ್ದೆ, ಇಲ್ಲ ಅಂದರೆ ಬಂದು ಉಣ್ಣುತ್ತಿದ್ದೆ. ಮೊದಲ ದಿನ ಅರ್ಧ ರೊಟ್ಟಿ ಬಿಟ್ಟೆ. ಈಗ ಬಿಡುವುದಿಲ್ಲ.

ಆ ಮರಿಯನ್ನು ಸಣ್ಣ ಭರಣಿಯಲ್ಲಿ ಇಟ್ಟು, ಸುತ್ತ ಹತ್ತಿ ತುರುಕಿ, ಪರಶಪ್ಪನ ಕೈಯಲ್ಲಿ ಕೊಟ್ಟು ಶಿರೋಳಕ್ಕೆ ನಿಮ್ಮ ಅಪ್ಪನ ಮನೆಗೆ ಕಳಿಸಿದ್ದೇನೆ. ಕಿಟಕಿಯಲ್ಲಿ ಈಗ ನಿನ್ನದು ಏನೂ ಇಲ್ಲ. ಗಿಡ ನೋಡಲು, ಗಿಡ ಒಯ್ಯಲು ಅಂತ ಇನ್ನು ನೀನು ರೋಣಕ್ಕೆ ಬರಬೇಕಾಗಿಲ್ಲ. ಇನ್ನು ಬಂದರೆ ನೀನೇ ಬಂದ ಹಾಗೆ.

ಕೋಣೆಗೆ ಅಂಗನವಾಡಿಯ ಹೊಸ ಟೀಚರ್ ಬರುತ್ತಾಳೆ. ಬಡಿಗೇರನನ್ನು ಕರೆಸಿ, ಅಗಳಿ ತೆಗೆಸಿ, ಒಳಗಿನಿಂದಲೂ ಹೊರಗಿನಿಂದಲೂ ತೆಗೆಯುವ ಕೀಲಿ ಕೂಡಿಸಿದ್ದೇನೆ. ಒಂದು ಕೀಲಿ ಟೀಚರಿಗೆ, ಒಂದು ನನಗೆ. ಒಂದು ಈ ಲಕೋಟೆಯಲ್ಲಿದೆ. ಬರುವ ದಿನ ಬರೆದು ತಿಳಿಸಬೇಡ. ತಿಳಿಸಿದರೆ ನಾನು ಮತ್ತೆ ಹೊಸ್ತಿಲಲ್ಲಿ ಕೂಡುತ್ತೇನೆ.

ನಿನ್ನ
ಶೇಖವ್ವ


ರೋಣ, ನಿಮ್ಮ ಪಡಸಾಲೆ
3 ನವೆಂಬರ್ 2024, ಭಾನುವಾರ

ಅಮ್ಮಾ,

ಕೀಲಿ ಮೊದಲ ಸಲಕ್ಕೇ ತಿರುಗಿತು. ಮಧ್ಯಾಹ್ನದ ಹೊತ್ತು, ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಮಶೀನು ತೆಗೆದು ತಲೆದಿಂಬಿನ ಹತ್ತಿರ ಇಟ್ಟಿದ್ದಿರಿ. ಕರೆದೆ. ಇನ್ನೊಂದು ಸಲ ಕರೆಯಲಿಲ್ಲ. ಭುಜ ಮುಟ್ಟಿದರೆ ಎದ್ದುಬಿಡುತ್ತಿದ್ದಿರಿ, ಎದ್ದರೆ ಒಲೆ ಹಚ್ಚುತ್ತಿದ್ದಿರಿ, ಆಮೇಲೆ ನನಗೆ ಬಸ್ಸು ತಪ್ಪುತ್ತಿತ್ತು. ಸ್ವಲ್ಪ ಹೊತ್ತು ಕಾಲ ಹತ್ತಿರ ಕೂತಿದ್ದೆ.

ಮೇಲಿನ ಟೀಚರ್ ಊರಿಗೆ ಹೋಗಿದ್ದಾಳೆ ಅಂತ ಕಾಣುತ್ತದೆ. ಮೈಮುನಬಿ ಚಾಚಿ ಗೋಡೆಯ ಮೇಲಿಂದ ನೋಡಿ, “ಕಳ್ಳಿ, ಎಬ್ಬಿಸಲೇನ ಆಕೀನ್ನ” ಅಂದರು. ಬೇಡ ಅಂತ ಕೈಮಾಡಿದೆ.

ಕೂತು ಬರೆಯುವುದಕ್ಕೆ ಮೊದಲು ಅಡಿಗೆಮನೆಗೆ ಹೋಗಿದ್ದೆ. ಬುಟ್ಟಿಯಲ್ಲಿ ಅರಿವೆ ಸುತ್ತಿದ ರೊಟ್ಟಿ ಇದ್ದವು, ಬಟ್ಟಲಲ್ಲಿ ಪುಂಡಿಪಲ್ಯ. ನಿಮ್ಮ ತಾಟು ತೊಳೆದು ಬೋರಲು ಹಾಕಿದ್ದು ನೋಡಿದೆ. ಮುಟ್ಟಿದೆ, ಇನ್ನೂ ಹಸಿ ಇತ್ತು. ಆಮೇಲೆ ನಾನು ಉಣ್ಣಲು ಕೂತೆ.

ಶಾಂಭವಿ